ಗೇಣಿಯ ಸಿದ್ಧಾಂತವೂ ಎರೆ ಹೊಲದ ಕಂದಾಯವೂ

1815ರ ಫೆಬ್ರವರಿಯ ಸುಮಾರಿಗೆ, ಕೆಲವೇ ವಾರಗಳೊಳಗೆ, ಲಂಡನ್ನಿನಲ್ಲಿ ನಾಲ್ಕು ಕಿರುಹೊತ್ತಗೆಗಳು ಅಚ್ಚಾಗಿ ಹೊರಬಂದವು. ಒಂದನ್ನು ಬರೆದವನು ಜನಸಂಖ್ಯೆಯ ಕುರಿತ ಪ್ರಬಂಧದಿಂದ ಆಗಲೇ ಹೆಸರಾಗಿದ್ದ ಪಾದ್ರಿ ಥಾಮಸ್ ಮಾಲ್ಥಸ್. ಇನ್ನೊಂದು ಆಕ್ಸ್‌ಫರ್ಡಿನ ಎಡ್ವರ್ಡ್ ವೆಸ್ಟ್‌ನದು, ಮತ್ತೊಂದು ನೌಕಾಸೇನೆಯ ಅಧಿಕಾರಿ ರಾಬರ್ಟ್ ಟಾರೆನ್ಸ್‌ನದು. ನಾಲ್ಕನೆಯದು ಷೇರುಪೇಟೆಯಲ್ಲಿ ದೊಡ್ಡ ಹಣ ಮಾಡಿದ್ದ ಡೇವಿಡ್ ರಿಕಾರ್ಡೊನದು. ಹೊಲದ ಗೇಣಿ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ ನಾಲ್ವರನ್ನೂ ಕಾಡಿತ್ತು. ಅವರು ಕಂಡುಕೊಂಡ ಉತ್ತರವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆ ಉತ್ತರ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸಮುದ್ರ ದಾಟಿ ದಖನ್ನಿಗೆ ಬಂತು. ಅಲ್ಲಿಂದ ಕೃಷ್ಣೆ, ಮಲಪ್ರಭೆ ದಾಟಿ ಧಾರವಾಡದ ಎರೆ ಹೊಲಗಳಿಗೂ ಕಾರವಾರದ ತೆಂಗಿನ ತೋಟಗಳಿಗೂ ತನ್ನ ನೆರಳನ್ನು ಚಾಚಿತು.

ಆ ಪ್ರಶ್ನೆ ಆಗಲೇ ಏಳಲು ಕಾರಣವಿತ್ತು. ನೆಪೋಲಿಯನ್ನನ ಜೊತೆಗಿನ ಯುದ್ಧದಿಂದ ಇಂಗ್ಲೆಂಡಿಗೆ ಹೊರಗಿನ ಕಾಳು ಬರುವುದು ದುಸ್ತರವಾಗಿ 1812ರಲ್ಲಿ ಗೋಧಿಯ ಸರಾಸರಿ ಬೆಲೆ ಕ್ವಾರ್ಟರ್ ಎಂಬ ಅಳತೆಗೆ 126 ಷಿಲಿಂಗ್ ಮುಟ್ಟಿತ್ತು. ಶಾಂತಿಯ ದಿನಗಳು ಬಂದು ಬೆಲೆ ಇಳಿಯತೊಡಗಿದ್ದೇ ತಡ, ಭೂಮಾಲೀಕರಿಂದಲೇ ತುಂಬಿದ್ದ ಪಾರ್ಲಿಮೆಂಟು ಗಾಬರಿಗೊಂಡಿತು. ದೇಶದೊಳಗಿನ ಬೆಲೆ 80 ಷಿಲಿಂಗ್‌ಗಿಂತ ಕೆಳಗಿರುವಷ್ಟು ಕಾಲ ಹೊರಗಿನ ಗೋಧಿಯನ್ನು ಮಾರಾಟಕ್ಕೆ ಬಿಡಬಾರದೆಂದು 1815ರಲ್ಲಿ ಕಾಯಿದೆ ಮಾಡಿತು. ಲಂಡನ್ನಿನ ಬೀದಿಗಳಲ್ಲಿ ದೊಂಬಿಯೆದ್ದಿತು. ರೊಟ್ಟಿ ತುಟ್ಟಿಯಾದರೆ ಲಾಭ ಯಾರಿಗೆ ಎಂಬುದು ಅಂದಿನ ಇಂಗ್ಲೆಂಡಿನಲ್ಲಿ ಅನ್ನದ ಪ್ರಶ್ನೆಯಾಗಿತ್ತು.

ರಿಕಾರ್ಡೊನ ವಾದವನ್ನು ನಮ್ಮ ಹೊಲದ ಲೆಕ್ಕದಲ್ಲೇ ಹೇಳಬಹುದು. ಅಷ್ಟೇ ದುಡಿಮೆ, ಅಷ್ಟೇ ಖರ್ಚಿಗೆ ಒಂದು ಹೊಲ ಹನ್ನೆರಡು ಚೀಲ ಕೊಡುತ್ತದೆ, ಇನ್ನೊಂದು ಒಂಬತ್ತು, ಮೂರನೆಯದು ಏಳು ಎನ್ನೋಣ. ಜನ ಕಡಿಮೆಯಿದ್ದಾಗ ಮೊದಲ ಹೊಲವೇ ಸಾಕು. ಬಾಯಿ ಹೆಚ್ಚಾದಂತೆ ಮೂರನೆಯದನ್ನೂ ಉಳಬೇಕಾಗುತ್ತದೆ. ಆ ಏಳು ಚೀಲದವನ ಖರ್ಚು ಮತ್ತು ಸಾಧಾರಣ ಲಾಭ ಹುಟ್ಟದಿದ್ದರೆ ಅವನು ಉಳುವುದಿಲ್ಲ. ಆದ್ದರಿಂದ ಪೇಟೆಯ ಬೆಲೆ ಅವನ ಖರ್ಚಿಗೆ ತಕ್ಕಂತೆ ನಿಲ್ಲುತ್ತದೆ. ಆಗ ಮೊದಲ ಹೊಲದಲ್ಲಿ ಐದು ಚೀಲ, ಎರಡನೆಯದರಲ್ಲಿ ಎರಡು ಚೀಲ ಹೆಚ್ಚುವರಿಯಾಗಿ ಉಳಿಯುತ್ತವೆ. ಆ ಹೆಚ್ಚುವರಿಯೇ ಗೇಣಿ. ಅದು ಉತ್ತವನಿಗೂ ಸೇರದು, ಬಂಡವಾಳ ಹಾಕಿದವನಿಗೂ ಸೇರದು. ಭೂಮಿಯ ಒಡೆಯ ಎನಿಸಿಕೊಂಡವನ ಪಾಲಾಗುತ್ತದೆ. ದೇಶದ ಜನ ಹೆಚ್ಚಿದಷ್ಟೂ ಅವನು ಕುಳಿತಲ್ಲೇ ಸಿರಿವಂತನಾಗುತ್ತಾನೆ.

ಈ ಲೆಕ್ಕದಿಂದ ಇನ್ನೊಂದು ತೀರ್ಮಾನ ತಾನಾಗಿ ಹೊರಡುತ್ತದೆ. ಗೇಣಿಯ ಮೇಲೆ ತೆರಿಗೆ ಹಾಕಿದರೆ ಕಾಳಿನ ಬೆಲೆ ಏರುವುದಿಲ್ಲ, ಕೂಲಿ ಇಳಿಯುವುದಿಲ್ಲ, ವ್ಯಾಪಾರಕ್ಕೆ ಪೆಟ್ಟು ಬೀಳುವುದಿಲ್ಲ. ಯಾರ ಬೆವರಿಗೂ ಸೇರದ ಹಣವನ್ನು ಸರಕಾರ ತೆಗೆದುಕೊಂಡರೆ ಯಾರಿಗೂ ಅನ್ಯಾಯವಿಲ್ಲ. ಈ ತೀರ್ಮಾನದ ನ್ಯಾಯದ ಬಲವನ್ನು ಇಂದಿಗೂ ತಳ್ಳಿಹಾಕಲಾಗದು. ಇದನ್ನು ದುರಾಸೆಯ ಸಿದ್ಧಾಂತ ಎಂದು ಕರೆಯುವವರು ಅದನ್ನು ಸರಿಯಾಗಿ ಓದಿಲ್ಲ ಎಂದೇ ನನ್ನ ಭಾವನೆ. ತೊಂದರೆ ಇದ್ದದ್ದು ಬೇರೆ ಕಡೆ.

ರಿಕಾರ್ಡೊ ತಾನಾಗಿ ದೊಡ್ಡ ಗ್ರಂಥ ಬರೆಯುವ ಮನುಷ್ಯನಾಗಿರಲಿಲ್ಲ. ಬರವಣಿಗೆ ತನಗೆ ಒಗ್ಗುವುದಿಲ್ಲ ಎಂದು ಹಿಂಜರಿಯುತ್ತಿದ್ದವನನ್ನು ಬೆನ್ನುಹತ್ತಿ ಬರೆಸಿದವನು ಜೇಮ್ಸ್ ಮಿಲ್. ಸ್ಕಾಟ್ಲೆಂಡಿನ ಹಳ್ಳಿಯೊಂದರ ಚಮ್ಮಾರನ ಮಗನಾಗಿ 1773ರಲ್ಲಿ ಹುಟ್ಟಿದ ಮಿಲ್, ಎಡಿನ್‌ಬರೊದಲ್ಲಿ ಓದಿ, 1802ರಲ್ಲಿ ಲಂಡನ್ನಿಗೆ ಬಂದು ಲೇಖನಿಯಿಂದಲೇ ಸಂಸಾರ ಸಾಕುತ್ತಿದ್ದ. 1808ರಲ್ಲಿ ಅವನಿಗೆ ಜೆರೆಮಿ ಬೆಂಥಮ್‌ನ ಪರಿಚಯವಾಯಿತು. ಯಾವುದೇ ಕಾಯಿದೆ, ಯಾವುದೇ ಸಂಸ್ಥೆ ಇರಲಿ, ಅದು ಎಷ್ಟು ಜನರ ಸುಖವನ್ನು ಎಷ್ಟು ಹೆಚ್ಚಿಸುತ್ತದೆ ಎಂಬುದೊಂದೇ ಅಳತೆಗೋಲು ಎಂದು ಬೆಂಥಮ್ 1789ರಲ್ಲಿ ಪ್ರಕಟಿಸಿದ ತನ್ನ ಮುಖ್ಯ ಗ್ರಂಥದಲ್ಲಿ ಸಾರಿದ್ದ. ಸುಖವನ್ನು ತೂಗಲು ಅದರ ತೀವ್ರತೆ, ಅವಧಿ, ಖಚಿತತೆ, ಸಾಮೀಪ್ಯ ಮೊದಲಾದ ಏಳು ಅಂಶಗಳ ಪಟ್ಟಿಯನ್ನೂ ಕೊಟ್ಟಿದ್ದ. ರಾಜನ ಸುಖಕ್ಕೂ ಕೂಲಿಯವನ ಸುಖಕ್ಕೂ ಒಂದೇ ತೂಕ ಎನ್ನುವ ಈ ಮಾತು ಆ ಕಾಲದ ಇಂಗ್ಲೆಂಡಿನಲ್ಲಿ ಸಣ್ಣ ಧೈರ್ಯದ್ದಲ್ಲ. ವಂಶ, ಪರಂಪರೆ, ದೈವದತ್ತ ಹಕ್ಕು ಎಂದು ಹೇಳಿಕೊಂಡು ಬದುಕುತ್ತಿದ್ದವರಿಗೆಲ್ಲ ಅದು ನೇರವಾಗಿ ನಾಟುವ ಮಾತು.

ಬೆಂಥಮ್‌ನ ಅಳತೆಗೋಲು, ರಿಕಾರ್ಡೊನ ಗೇಣಿಯ ಲೆಕ್ಕ, ಎರಡೂ ಮಿಲ್‌ನ ತಲೆಯಲ್ಲಿ ಒಂದಾದವು. 1817ರಲ್ಲಿ ರಿಕಾರ್ಡೊನ ಅರ್ಥಶಾಸ್ತ್ರದ ಗ್ರಂಥ ಹೊರಬಂತು. ಅದೇ ಹೊತ್ತಿಗೆ, ಹನ್ನೊಂದು ವರ್ಷಗಳಿಂದ ಮಿಲ್ ಬರೆಯುತ್ತಿದ್ದ ಬ್ರಿಟಿಷ್ ಇಂಡಿಯಾದ ಇತಿಹಾಸವೂ ಮೂರು ಸಂಪುಟಗಳಲ್ಲಿ ಮುಗಿಯಿತು. ಮಿಲ್ ಭಾರತವನ್ನು ಕಂಡವನಲ್ಲ. ಇಲ್ಲಿನ ಒಂದು ಭಾಷೆಯೂ ಅವನಿಗೆ ಬರುತ್ತಿರಲಿಲ್ಲ. ಮುನ್ನುಡಿಯಲ್ಲಿ ಅದನ್ನು ಅವನು ಮುಚ್ಚಿಡಲಿಲ್ಲ. ಕಣ್ಣು ಕಿವಿಗಳಿಂದ ವರ್ಷಗಟ್ಟಲೆ ಕಲೆಹಾಕಿದ್ದಕ್ಕಿಂತ ಹೆಚ್ಚಿನದನ್ನು ಇಂಗ್ಲೆಂಡಿನ ಓದುವ ಕೋಣೆಯಲ್ಲಿ ಕುಳಿತು ಕಾಗದಪತ್ರಗಳಿಂದ ತಿಳಿಯಬಹುದೆಂದು ವಾದಿಸಿದ. ಈ ವಾದವನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮುಂದೆ ಆದದ್ದೆಲ್ಲ ಇದರ ಬೆನ್ನಿಗೇ ಬಂದದ್ದು.

ಆ ಪುಸ್ತಕದ ಕೀರ್ತಿಯಿಂದ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿ ಮಿಲ್‌ಗೆ ಕೆಲಸ ಸಿಕ್ಕಿತು. ಭಾರತದ ಸರಕಾರಗಳಿಗೆ ಹೋಗುವ ಆಜ್ಞಾಪತ್ರಗಳ ಕರಡು ಬರೆಯುವ ವಿಭಾಗ ಅದು. ಅವನ ಪಾಲಿಗೆ ಬಂದದ್ದು ಕಂದಾಯದ ಪತ್ರಗಳು. 1823ರಲ್ಲಿ ಹದಿನೇಳು ವರ್ಷದ ಮಗ ಜಾನ್ ಸ್ಟುಅರ್ಟ್ ಮಿಲ್ ಕೂಡ ಅದೇ ಕಚೇರಿ ಸೇರಿದ. 1830ರಲ್ಲಿ ತಂದೆ ಆ ವಿಭಾಗದ ಮುಖ್ಯಸ್ಥನಾದ. ಮರುವರ್ಷ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕುಳಿತು, ಭಾರತದಲ್ಲಿ ಸರಕಾರದ ಆದಾಯದ ಬಹುಪಾಲು ಭೂಮಿಯ ಗೇಣಿಯೇ ಎಂದು ಹೇಳಿದ. ಆ ಗೇಣಿ ಎಂದೂ ಖಾಸಗಿ ಜನರಿಗೆ ಸೇರಿದ್ದಲ್ಲ, ಸರಕಾರಕ್ಕೇ ಸೇರಿದ್ದು. ಅದನ್ನು ಜಮೀನುದಾರರಿಗೆ ಬಿಟ್ಟುಕೊಡದೆ ತೆಗೆದುಕೊಂಡರೆ ಬೇರೆ ತೆರಿಗೆಗಳ ಹೊರೆಯೇ ಬೇಡವಾಗುತ್ತದೆ ಎಂಬುದು ಅವನ ನಿಲುವು. ಇಂಗ್ಲೆಂಡಿನಲ್ಲಿ ಭೂಮಾಲೀಕರಿಂದ ಕಸಿದುಕೊಳ್ಳಲಾಗದ ಗೇಣಿ ಭಾರತದಲ್ಲಿ ಹೊಸದಾಗಿ ಸರಕಾರದ ಕೈಗೇ ಸಿಗುತ್ತದೆಂಬ ಹುರುಪು ಅವನದು.

ಹಾಗಾದರೆ ನಿಜವಾದ ಗೇಣಿ ಎಷ್ಟು? ಅದನ್ನು ಅಳೆಯುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು ಪುಣೆಯ ಸುತ್ತ. 1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ಕೈಸೇರಿತ್ತು. ಕಂಪನಿಯ ಯುವ ಅಧಿಕಾರಿಗಳು ತರಬೇತಿ ಪಡೆಯುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ರಾಜಕೀಯ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು ಅದೇ ಮಾಲ್ಥಸ್. 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಪಾಠ ಹೇಳಿದ. ಅವನ ಪಾಠ ಕೇಳಿ ಬಂದ ರಾಬರ್ಟ್ ಕೀತ್ ಪ್ರಿಂಗಲ್ ಎಂಬ ತರುಣ ಅಧಿಕಾರಿಗೆ 1820ರ ದಶಕದ ಕೊನೆಯಲ್ಲಿ ಪುಣೆ ಪ್ರಾಂತದ ಮೋಜಣಿಯ ಹೊಣೆ ಬಿತ್ತು. ಆ ನಾಲ್ಕು ಹೊತ್ತಗೆಗಳಲ್ಲಿ ಒಂದನ್ನು ಬರೆದ ಎಡ್ವರ್ಡ್ ವೆಸ್ಟ್ ಅಷ್ಟರಲ್ಲಿ ಮುಂಬಯಿಗೆ ಬಂದು ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶನಾಗಿದ್ದ, 1828ರಲ್ಲಿ ಈ ನೆಲದಲ್ಲೇ ತೀರಿಕೊಂಡ.

ಪ್ರಿಂಗಲ್ ಗುರುವಿನ ಪಾಠವನ್ನು ಅಕ್ಷರಶಃ ನಂಬಿದ. ಪ್ರತಿ ಹೊಲವನ್ನೂ ಅಳೆದು, ಮಣ್ಣಿನ ತರಗತಿ ಹಾಕಿ, ಆ ತರಗತಿಯ ಮಣ್ಣಿನಲ್ಲಿ ಎಕರೆಗೆ ಎಷ್ಟು ಬೆಳೆಯುತ್ತದೆ ಎಂದು ನೋಡಿ, ಅದರಿಂದ ಬೀಜ, ಗೊಬ್ಬರ, ಎತ್ತು, ಆಳಿನ ಖರ್ಚು ಕಳೆದು ನಿವ್ವಳ ಹುಟ್ಟುವಳಿ ಕಂಡುಹಿಡಿಯುವುದು. ಅದರಲ್ಲಿ ನೂರಕ್ಕೆ 55 ಪಾಲು ಸರಕಾರಕ್ಕೆ. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಇಲ್ಲ. ಆದರೆ ದಖನ್ನಿನ ಒಕ್ಕಲಿಗನ ಹೊಲದಲ್ಲಿ ಖರ್ಚನ್ನು ಕಳೆಯುವುದು ಹೇಗೆ? ಮನೆಯಲ್ಲೇ ಹುಟ್ಟಿ ಬೆಳೆದ ಎತ್ತಿಗೆ ವರ್ಷಕ್ಕೆ ಎಷ್ಟು ಬಾಡಿಗೆ ಕಟ್ಟುವುದು? ಕಳೆ ಕಿತ್ತ ಹೆಂಡತಿ ಮಕ್ಕಳ ಕೂಲಿ ಯಾವ ದರದಲ್ಲಿ? ಮೂರು ವರ್ಷಕ್ಕೊಮ್ಮೆ ಮಳೆ ಕೈಕೊಡುವ ಸೀಮೆಯಲ್ಲಿ ಸರಾಸರಿ ಬೆಳೆ ಎಂದರೆ ಯಾವ ವರ್ಷದ್ದು? ರಿಕಾರ್ಡೊನ ಲೆಕ್ಕದಲ್ಲಿ ಬಂಡವಾಳ ಹಾಕಿ, ಕೂಲಿ ಕೊಟ್ಟು, ಲಾಭ ಬಾರದಿದ್ದರೆ ಬೇರೆ ವ್ಯಾಪಾರಕ್ಕೆ ಹೋಗುವ ಇಂಗ್ಲಿಷ್ ಗುತ್ತಿಗೆದಾರನಿದ್ದ. ಇಲ್ಲಿದ್ದದ್ದು ಹೊಟ್ಟೆಗಾಗಿ ಉಳುವ ಸಂಸಾರ.

ಲೆಕ್ಕ ಬರೆಯುವವರ ಕೈಯಲ್ಲಿ ಇಷ್ಟೊಂದು ಊಹೆಯ ಅಂಕಿಗಳಿದ್ದರೆ ಲಂಚಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಅಳತೆ ತಪ್ಪಾಯಿತು, ತರಗತಿ ತಪ್ಪಾಯಿತು, ಕಾಳಿನ ಬೆಲೆ ಬೇರೆ ಕುಸಿಯಿತು. ಗೊತ್ತುಪಡಿಸಿದ ಕಂದಾಯ ಹುಟ್ಟಲಿಲ್ಲ, ಬಾಕಿ ಬೆಳೆಯಿತು, ಬಾಕಿ ವಸೂಲಿಗೆ ಹಿಂಸೆ ಸುರುವಾಯಿತು. ಮುಂಬಯಿ ಸರಕಾರದ್ದೇ 1872–73ರ ಆಡಳಿತ ವರದಿ ಆ ದಿನಗಳನ್ನು ನೆನೆಯುತ್ತ, ಒಕ್ಕಲಿಗರನ್ನು ಚಿತ್ರಹಿಂಸೆಗೆ ಗುರಿಮಾಡಿದ್ದನ್ನೂ ಅವರು ಊರು ಬಿಟ್ಟು ನೆರೆಯ ಸಂಸ್ಥಾನಗಳಿಗೆ ಓಡಿದ್ದನ್ನೂ ಕೆಲವು ಕಡೆ ಸಾಗುವಳಿಯ ಭೂಮಿಯ ಮೂರನೇ ಎರಡು ಪಾಲು ಬೀಳು ಬಿದ್ದದ್ದನ್ನೂ ಒಪ್ಪಿಕೊಂಡಿದೆ. ಬಹುಜನರ ಸುಖವನ್ನು ಗುರಿಯಾಗಿಟ್ಟುಕೊಂಡ ತತ್ತ್ವವೊಂದು ತನ್ನ ಮೊದಲ ಪರೀಕ್ಷೆಯಲ್ಲಿ ಬಹುಜನರನ್ನು ಊರು ಬಿಡಿಸಿತು.

ಇಂಗ್ಲೆಂಡಿನಲ್ಲೇ ಈ ಬಿರುಕನ್ನು ಕಂಡವನೊಬ್ಬನಿದ್ದ. ರಿಚರ್ಡ್ ಜೋನ್ಸ್ 1831ರಲ್ಲಿ ಬರೆದ ಗ್ರಂಥದಲ್ಲಿ, ರಿಕಾರ್ಡೊನ ಗೇಣಿ ಜಗತ್ತಿನ ಒಂದು ಸಣ್ಣ ಮೂಲೆಗೆ ಮಾತ್ರ ಸಲ್ಲುತ್ತದೆ, ಏಷ್ಯದ ರೈತ ಕೊಡುವುದು ಬೇರೆಯೇ ಜಾತಿಯ ಗೇಣಿ ಎಂದು ತೋರಿಸಿದ. ಮಾಲ್ಥಸ್ ತೀರಿಕೊಂಡ ಮೇಲೆ ಹೇಲಿಬರಿಯ ಪ್ರಾಧ್ಯಾಪಕ ಪೀಠ ಸಿಕ್ಕಿದ್ದು ಈ ಜೋನ್ಸ್‌ಗೇ. ಇನ್ನೂ ಹಿಂದಕ್ಕೆ ಹೋದರೆ, ಸ್ವತಃ ಬೆಂಥಮ್ 1780ರ ದಶಕದಲ್ಲೇ ಬಂಗಾಳವನ್ನು ಉದಾಹರಣೆಯಾಗಿಟ್ಟುಕೊಂಡು, ಒಂದು ದೇಶದ ಕಾಯಿದೆಯನ್ನು ಇನ್ನೊಂದಕ್ಕೆ ಒಯ್ಯುವಾಗ ದೇಶಕಾಲಗಳನ್ನು ಎಷ್ಟು ಸೂಕ್ಷ್ಮವಾಗಿ ನೋಡಬೇಕೆಂದು ಒಂದು ಪ್ರಬಂಧ ಬರೆದಿದ್ದ. ಶಿಷ್ಯರು ಆ ಎಚ್ಚರವನ್ನು ಉಳಿಸಿಕೊಳ್ಳಲಿಲ್ಲ.

ಹಾಳಾದದ್ದನ್ನು ಸರಿಪಡಿಸಲು 1835ರಲ್ಲಿ ಇಂದಾಪುರ ತಾಲೂಕಿಗೆ ಹೋದವರು ಇಬ್ಬರು: ಕಂದಾಯದ ಅಧಿಕಾರಿ ಹೆನ್ರಿ ಗೋಲ್ಡ್‌ಸ್ಮಿಡ್, ಸೈನ್ಯದ ಎಂಜಿನಿಯರ್ ಜಾರ್ಜ್ ವಿಂಗೇಟ್. ನಿವ್ವಳ ಹುಟ್ಟುವಳಿಯ ಲೆಕ್ಕವನ್ನು ಅವರು ಕೈಬಿಟ್ಟರು. ಹಿಂದಿನ ವರ್ಷಗಳಲ್ಲಿ ಯಾವ ಹಳ್ಳಿ ಎಷ್ಟು ಕೊಟ್ಟಿದೆ, ಎಷ್ಟು ಭೂಮಿ ಉತ್ತಿದೆ, ಬೆಲೆ ಹೇಗಿತ್ತು, ಪೇಟೆ ಎಷ್ಟು ದೂರ, ಮಳೆ ಎಂಥದು ಎಂದು ನೋಡಿ, ಒಟ್ಟು ಎಷ್ಟು ಹೊರಬಹುದೆಂದು ಅಂದಾಜು ಮಾಡಿ, ಅದನ್ನು ಮಣ್ಣಿನ ತರಗತಿಯ ಪ್ರಕಾರ ಹೊಲಗಳಿಗೆ ಹಂಚಿದರು. ದರವನ್ನು ಇಳಿಸಿ, 30 ವರ್ಷ ಅದನ್ನು ಏರಿಸುವುದಿಲ್ಲ ಎಂದು ಮಾತು ಕೊಟ್ಟರು. ಬೀಳು ಬಿದ್ದ ಹೊಲಗಳು ಮತ್ತೆ ನೇಗಿಲು ಕಂಡವು.

ಇದೇ ಪದ್ಧತಿಯನ್ನು ಹೊತ್ತು ವಿಂಗೇಟ್ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂದ. ಹುಬ್ಬಳ್ಳಿ ತಾಲೂಕಿನ ಕಂದಾಯ ಪರಿಷ್ಕರಣೆಯ ಬಗ್ಗೆ ಅವನು ಬರೆದ ವರದಿ ಈ ಪದ್ಧತಿಯ ಮುಖ್ಯ ದಾಖಲೆಗಳಲ್ಲೊಂದು. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಎಂಬ ಇನ್ನೊಬ್ಬ ಅಧಿಕಾರಿ ಸೇರಿ ಸಲ್ಲಿಸಿದ ಜಂಟಿ ವರದಿ ಇಡೀ ಮುಂಬಯಿ ಪ್ರಾಂತದ ಮೋಜಣಿಗೆ ಕೈಪಿಡಿಯಾಯಿತು. ಅದರ ವಿವರಗಳಲ್ಲಿ ನೆಲದ ವಾಸನೆಯಿದೆ. ಒಂದೂಮುಕ್ಕಾಲು ಮೊಳ ಆಳದ, ನಯವಾದ ಕಪ್ಪು ಮಣ್ಣಿಗೆ ಪೂರ್ತಿ 16 ಆಣೆ. ಆಳ ಕಡಿಮೆಯಾದಂತೆ ಒಂಬತ್ತು ತರಗತಿಗಳಲ್ಲಿ 2 ಆಣೆಯವರೆಗೆ ಇಳಿತ. ಸುಣ್ಣದ ಕಲ್ಲಿದ್ದರೆ, ಮರಳು ಬೆರೆತಿದ್ದರೆ, ಹೊಲ ಇಳಿಜಾರಾಗಿದ್ದರೆ, ಮಳೆನೀರು ಕೊಚ್ಚಿಕೊಂಡು ಹೋಗುವಂತಿದ್ದರೆ ಒಂದೊಂದು ದೋಷಕ್ಕೆ ಒಂದೊಂದು ತರಗತಿ ಕೆಳಗೆ. ಹೊಲವನ್ನು ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕದಲ್ಲಿ ಮಣ್ಣು ಅಗೆದು ನೋಡಿ ಆಣೆ ಹಾಕುತ್ತಿದ್ದರು. ಒಂದು ಜೋಡಿ ಎತ್ತು ಉಳಬಹುದಾದಷ್ಟನ್ನು ಲಕ್ಷ್ಯದಲ್ಲಿಟ್ಟು ಸರ್ವೆ ನಂಬರುಗಳನ್ನು ಕಡಿದರು. ಗಡಿಗೆ ಬಾಂದುಕಲ್ಲು ನೆಟ್ಟರು. 33 ಅಡಿ ಸರಪಳಿಯ ಒಂದು ಚದರ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. 1863ರಲ್ಲಿ ಮೈಸೂರು ಸಂಸ್ಥಾನವೂ ಮುಂಬಯಿ ಮಾದರಿಯಲ್ಲೇ ಮೋಜಣಿ ಆರಂಭಿಸಿದ್ದರಿಂದ ಈ ಸರ್ವೆ ನಂಬರು, ಗುಂಟೆ, ಆಕಾರಬಂದುಗಳು ಕನ್ನಡ ನಾಡಿನ ಬಹುಭಾಗದ ಕಾಗದಪತ್ರಗಳಲ್ಲಿ ಬೇರೂರಿದವು.

ಹೀಗೆ ಸೂತ್ರ ಹೊಲದಲ್ಲಿ ಸೋತಿತು, ನಿಜ. ಆದರೆ ಸೂತ್ರದ ಬೆನ್ನಿಗಿದ್ದ ಮಾತು, ಅಂದರೆ ಭೂಮಿಯ ಹೆಚ್ಚುವರಿ ಸರಕಾರದ್ದೇ ಮತ್ತು ಅದನ್ನು ಮುಂದೆ ಎಷ್ಟಾದರೂ ಏರಿಸುವ ಹಕ್ಕು ಸರಕಾರಕ್ಕಿದೆ ಎಂಬ ಮಾತು, ಗಟ್ಟಿಯಾಗಿ ಉಳಿಯಿತು. ಅದನ್ನು ಕನ್ನಡ ಕರಾವಳಿ ಒಪ್ಪಲಿಲ್ಲ.

ಕರಾವಳಿಯ ಕಥೆ ರಿಕಾರ್ಡೊಗಿಂತ ಹಳೆಯದು. ಟಿಪ್ಪು ಮಡಿದ ಮೇಲೆ 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೊ. ಮರುವರ್ಷದ ಮೇ ಮತ್ತು ನವೆಂಬರ್ ತಿಂಗಳಲ್ಲಿ ಅವನು ಬರೆದ ವರದಿಗಳು ಸ್ಪಷ್ಟವಾಗಿವೆ: ಇಲ್ಲಿ ಭೂಮಿ ಖಾಸಗಿ ಸ್ವತ್ತು. ಜನ ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೆ ಬಿಡುತ್ತಾರೆ, ಪತ್ರಗಳಿವೆ. ಮೂಲಿಯವನ, ಅಂದರೆ ಒಡೆಯನ, ಕೆಳಗೆ ಕಾಯಂ ಒಕ್ಕಲಾದ ಮೂಲಗೇಣಿಯವನು, ಬಿಡಿಸಬಹುದಾದ ಒಕ್ಕಲಾದ ಚಾಲಗೇಣಿಯವನು ಇದ್ದಾರೆ. ವಿಜಯನಗರದ ಕಾಲದಿಂದ ಬಂದ ರೇಖೆಯ, ಅಂದರೆ ಗೊತ್ತುಪಡಿಸಿದ ಕಂದಾಯದ, ಲೆಕ್ಕವಿದೆ. ಸರಕಾರದ ಪಾಲನ್ನು ಕೊಟ್ಟಮೇಲೆ ಒಡೆಯನಿಗೆ ಗೇಣಿ ಉಳಿಯುತ್ತದೆ. ಪೂರ್ವದೇಶಗಳಲ್ಲಿ ರಾಜನೇ ಭೂಮಿಯ ಒಡೆಯ ಎಂದು ಜೇಮ್ಸ್ ಮಿಲ್ ಬರೆಯುವ ಹೊತ್ತಿಗೆ ಕಂಪನಿಯ ದಫ್ತರದಲ್ಲಿ ಈ ವರದಿಗಳಿಗೆ ಹದಿನೇಳು ವರ್ಷವಾಗಿತ್ತು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಎರೆ ನೆಲಕ್ಕಾಗಿ ಹುಟ್ಟಿದ ಮೋಜಣಿ ಗದ್ದೆ, ತೆಂಗು, ಅಡಕೆಯ ನಾಡಿಗೂ ಬಂತು, ಕಂದಾಯ ಏರಿತು. ಭೂಮಿಯ ಒಡೆಯರು ಕೋರ್ಟಿಗೆ ಹೋದರು. ವೈಕುಂಠ ಬಾಪೂಜಿ ವಿರುದ್ಧ ಮುಂಬಯಿ ಸರಕಾರ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು 1875ರಲ್ಲಿ ತೀರ್ಪು ಕೊಟ್ಟಿತು. ಹಳೆಯ ರೇಖೆಗೆ ಸರಕಾರ ಕಟ್ಟುಬೀಳಬೇಕಿಲ್ಲ, ಕಂದಾಯ ಏರಿಸುವ ಅಧಿಕಾರ ಅದಕ್ಕಿದೆ ಎಂಬುದೇ ಅದರ ಸಾರ. ಮನ್ರೊನ ಸಾಕ್ಷ್ಯ ಕಡತದಲ್ಲಿದ್ದೂ ಒಡೆಯರು ಸೋತರು.

ಅದೇ 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ದಂಗೆ ಪುಣೆ, ಅಹ್ಮದ್‌ನಗರದ ಹಳ್ಳಿಗಳಿಗೆ ಹಬ್ಬಿತು. ಅದರ ಬೇರು ಬೆಂಥಮ್‌ನ ಇನ್ನೊಂದು ಹೊತ್ತಗೆಯವರೆಗೆ ಹೋಗುತ್ತದೆ. ಬಡ್ಡಿಯ ದರಕ್ಕೆ ಸರಕಾರ ಮಿತಿ ಹಾಕಬಾರದು, ಬುದ್ಧಿಯುಳ್ಳ ಇಬ್ಬರು ಒಪ್ಪಿ ಮಾಡಿಕೊಂಡ ಕರಾರನ್ನು ಕಾಯಿದೆ ಮುರಿಯಬಾರದು ಎಂದು ಅವನು 1787ರಲ್ಲೇ ವಾದಿಸಿದ್ದ. 1854ರಲ್ಲಿ ಇಂಗ್ಲೆಂಡು, 1855ರಲ್ಲಿ ಭಾರತ ಬಡ್ಡಿಯ ಮಿತಿಯನ್ನು ತೆಗೆದುಹಾಕಿದವು. ಲಂಡನ್ನಿನ ಇಬ್ಬರು ವ್ಯಾಪಾರಿಗಳ ನಡುವಿನ ಕರಾರು ಒಂದು. ಕಂದಾಯದ ಕಂತು ಎದುರಿಗಿರುವಾಗ ಓದುಬರಹ ತಿಳಿಯದ ರೈತ ಹೆಬ್ಬೆಟ್ಟು ಒತ್ತುವ ಕರಾರು ಇನ್ನೊಂದು. ಕೋರ್ಟು ಎರಡನ್ನೂ ಒಂದೇ ಎಂದು ನೋಡಿತು. ಕಂದಾಯವನ್ನು ನಗದಾಗಿ ಕಟ್ಟಬೇಕು, ನಗದು ಸಾಹುಕಾರನಲ್ಲಿ ಮಾತ್ರ ಸಿಗುತ್ತದೆ, ಕೋರ್ಟು ಸಾಹುಕಾರನ ಕಡೆಗಿದೆ; ಈ ಮೂರರ ನಡುವೆ ರೈತ ಸಿಕ್ಕಿಬಿದ್ದ. ಈ ಅಪಾಯವನ್ನು 1852ರಲ್ಲೇ ಎತ್ತಿ ತೋರಿಸಿ ಸರಕಾರಕ್ಕೆ ಬರೆದವನು ಹುಬ್ಬಳ್ಳಿಯ ಕಂದಾಯ ಕಟ್ಟಿದ ಅದೇ ವಿಂಗೇಟ್. ನಿವೃತ್ತನಾದ ಮೇಲೆ 1859ರಲ್ಲಿ ಅವನು, ಭಾರತದಿಂದ ಇಂಗ್ಲೆಂಡಿಗೆ ವರ್ಷವರ್ಷವೂ ಹರಿಯುವ ಕಪ್ಪ ಅನ್ಯಾಯವೆಂದು ಒಂದು ಪುಸ್ತಿಕೆಯನ್ನೂ ಬರೆದ. ಹೊಲದಲ್ಲಿ ನಿಂತು ಮಣ್ಣು ಅಗೆಸಿ ನೋಡಿದವನಿಗೆ ಕಂಡದ್ದು ಲೆಡನ್‌ಹಾಲ್ ಬೀದಿಯ ಮೇಜಿಗೆ ಕಂಡಿರಲಿಲ್ಲ. ದಂಗೆಯ ನಾಲ್ಕು ವರ್ಷದ ನಂತರ, ಭೀಕರ ಬರವೊಂದು ಕಳೆದ ಮೇಲೆ, ಸಾಲಪತ್ರದ ಹಿಂದಿನ ನಿಜವನ್ನು ಕೋರ್ಟು ವಿಚಾರಿಸಬಹುದೆಂಬ ದಖನ್ ರೈತರ ಪರಿಹಾರ ಕಾಯಿದೆ ಬಂತು.

ಬೆಂಥಮ್‌ನ ಅಳತೆಗೋಲು ತಪ್ಪೆಂದು ನಾನು ಹೇಳಲಾರೆ. ಪ್ರತಿಯೊಬ್ಬನ ಸುಖವನ್ನೂ ಎಣಿಸಬೇಕೆನ್ನುವುದಕ್ಕಿಂತ ಒಳ್ಳೆಯ ಅಳತೆ ಆಡಳಿತಕ್ಕೆ ಸಿಗುವುದು ಕಷ್ಟ. ಆದರೆ ಪುಣೆಯಲ್ಲೂ ಕಾರವಾರದಲ್ಲೂ ಎಣಿಸಿದ್ದು ಕಂದಾಯವನ್ನು. ಸುಖವನ್ನು ಯಾರೂ ಎಣಿಸಲಿಲ್ಲ, ಅದನ್ನು ಹೇಳಬಲ್ಲವರನ್ನು ಯಾರೂ ಕೇಳಲಿಲ್ಲ. ನಮ್ಮ ಸರ್ವೆ ಕಚೇರಿಗಳ ಕಾಗದ ಹುಟ್ಟಿದ್ದು ಈ ಚರಿತ್ರೆಯಿಂದ. ಮನ್ರೊನ ಕೆನರಾ ವರದಿಗಳು, ವಿಂಗೇಟನ ಹುಬ್ಬಳ್ಳಿ ವರದಿ, 1847ರ ಜಂಟಿ ವರದಿ, 1875ರ ತೀರ್ಪು, ಈ ನಾಲ್ಕನ್ನೂ ಕನ್ನಡದ ಓದುಗ ಕನ್ನಡದಲ್ಲೇ ಓದುವಂತಾಗಬೇಕು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಅರ್ಥಶಾಸ್ತ್ರ ವಿಭಾಗಗಳು ಜೊತೆಗೂಡಿ ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.